ಟೆಲಿಫೋಟೋ ಮಸೂರಗಳೂ ಹಿನ್ನೆಲೆಯ ಮಸಕೂ

ಈಗಿನ ಕಾಲದಲ್ಲಿ ಒಂದು ಛಾಯಾಚಿತ್ರವನ್ನು ಮೆಚ್ಚಿಕೊಂಡವರು ಮೊದಲು ಆಡುವ ಮಾತು, "ಹಿಂದಿನದೆಲ್ಲ ಎಷ್ಟು ಚೆನ್ನಾಗಿ ಬ್ಲರ್ ಆಗಿದೆ!" ಎಂಬುದು. ಮದುವೆಯ ಪಟವಿರಲಿ, ದಸರಾ ಮೆರವಣಿಗೆಯ ಹುಲಿವೇಷದ ಪಟವಿರಲಿ, ಯಕ್ಷಗಾನದ ಪಟವಿರಲಿ, ಮುಂದಿರುವ ವ್ಯಕ್ತಿ ಕಡೆದಿಟ್ಟಂತೆ ಸ್ಪಷ್ಟವಾಗಿದ್ದು ಹಿಂದಿನ ಪ್ರಪಂಚವೆಲ್ಲ ಕರಗಿಹೋಗಿದ್ದರೆ ಅದು ಉತ್ತಮ ಪಟವೆಂದು ಗಣನೆ. ಈ ಮಸಕಿನ ಗುಣಕ್ಕೆ ಜಪಾನೀ ಭಾಷೆಯಲ್ಲಿ 'ಬೊಕೆ' ಎಂಬ ಮಾತುಂಟು. 1997ರಲ್ಲಿ ಅಮೆರಿಕದ 'ಫೋಟೋ ಟೆಕ್ನಿಕ್ಸ್' ಪತ್ರಿಕೆ ಈ ವಿಷಯವಾಗಿ ಲೇಖನಗಳನ್ನು ಪ್ರಕಟಿಸಿದ ಮೇಲೆ ಆ ಮಾತು ಇಂಗ್ಲಿಷಿನಲ್ಲಿಯೂ ಬೇರೂರಿತು. ಕನ್ನಡದಲ್ಲಿ ನಾವು 'ಮಸಕು' ಎಂದರೆ ಸಾಕು. ಆದರೆ ಮಸಕು ಎಷ್ಟು, ಮಸಕು ಎಂಥದು ಎಂಬ ಎರಡು ಪ್ರಶ್ನೆಗಳು ಬೇರೆ ಬೇರೆ. ಮೊದಲನೆಯದಕ್ಕೆ ಲೆಕ್ಕವುಂಟು, ಎರಡನೆಯದಕ್ಕೆ ಗಾಜಿನ ಸ್ವಭಾವವನ್ನು ನೋಡಬೇಕು. ಇವೆರಡನ್ನೂ ತಿಳಿದ ಮೇಲೆ ಮೂರನೆಯ ಪ್ರಶ್ನೆಯೊಂದು ಏಳುತ್ತದೆ. ಅದು ನಮ್ಮ ಜಿಲ್ಲೆಯ ಆಟದ ಪಟಗಳಿಗೆ ಸಂಬಂಧಿಸಿದ್ದು. ಕ್ರಮವಾಗಿ ಬರುತ್ತೇನೆ.

ಕಲಾ ವಿಭಾಗದ ವಿದ್ಯಾರ್ಥಿ ಬೆಳಕಿನ ಶಾಸ್ತ್ರದ ಮಾತಾಡುವುದು ಅಧಿಕಪ್ರಸಂಗವೆಂದು ವಿಜ್ಞಾನ ಬಲ್ಲವರು ಭಾವಿಸಬಾರದು. ರಜಾದಿನಗಳಲ್ಲಿ ನಗರದ ಒಬ್ಬ ಛಾಯಾಗ್ರಾಹಕರ ಸಹಾಯಕನಾಗಿ ಮಸೂರಗಳ ಚೀಲ ಹೊರುವುದು ನನ್ನ ಉಪಜೀವನ. ಹೊರುವಾಗ ಕೈಗೆ ಬಂದುದನ್ನು ಕಣ್ಣಿಗೆ ಹಿಡಿದು ನೋಡಿದ್ದೇನೆ. ಮುಂದೆ ಬರುವ ಲೆಕ್ಕಕ್ಕೋ, ಹತ್ತನೆಯ ತರಗತಿಯ ಸಮರೂಪ ತ್ರಿಕೋನಗಳ ಪಾಠ ನೆನಪಿದ್ದರೆ ಸಾಲುವುದು.

ಮೊದಲು ಟೆಲಿಫೋಟೋ ಎಂದರೇನೆಂಬುದನ್ನು ನೋಡೋಣ. ಮಸೂರದ ಸಂಗಮದೂರ ಹೆಚ್ಚಿದಷ್ಟೂ ದೂರದ ವಸ್ತು ದೊಡ್ಡದಾಗಿ ಮೂಡುತ್ತದೆ. ಆದರೆ ಸಂಗಮದೂರ 400 ಮಿ.ಮೀ. ಆದರೆ ಮಸೂರದ ಕೊಳವೆಯೂ ಅಷ್ಟೇ ಉದ್ದವಾಗಬೇಕಲ್ಲ! ಮುಂದೆ ಬೆಳಕನ್ನು ಕೂಡಿಸುವ ಗಾಜಿನ ಗುಂಪು, ಹಿಂದೆ ಅದನ್ನು ಸ್ವಲ್ಪ ಹರಡಿಸುವ ಗುಂಪು ಇಟ್ಟರೆ ಕೊಳವೆ ಗಿಡ್ಡವಾಗಿಯೂ ಸಂಗಮದೂರ ಉದ್ದವಾಗಿಯೂ ಇರುವಂತೆ ಮಾಡಬಹುದು. 1891ರಲ್ಲಿ ಲಂಡನ್ನಿನ ಡಾಲ್ಮೆಯರ್, ಜರ್ಮನಿಯ ಮೀಥೆ ಮತ್ತು ಸ್ಟೈನ್‌ಹೈಲ್ ಎಂಬವರು ಒಬ್ಬರ ಕೆಲಸ ಇನ್ನೊಬ್ಬರನ್ನು ಅವಲಂಬಿಸದೆ ಇಂಥ ಮಸೂರಗಳನ್ನು ಮಾಡಿದರು. ಶಾಸ್ತ್ರದ ಪ್ರಕಾರ ಹೀಗೆ ಗಿಡ್ಡ ಮಾಡಿದ್ದೇ ಟೆಲಿಫೋಟೋ. ಬಳಕೆಯಲ್ಲಿ ಮಾತ್ರ 85 ಮಿ.ಮೀ.ಯಿಂದ ಮೇಲಿನದನ್ನೆಲ್ಲ ಜನ ಆ ಹೆಸರಿನಿಂದಲೇ ಕರೆಯುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ಈಗ ಲೆಕ್ಕ. ಮಸೂರದ ಮೇಲೆ 'ಎಫ್ 2.8', 'ಎಫ್ 4' ಎಂದು ಬರೆದಿರುತ್ತದೆ. ಸಂಗಮದೂರವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಹೊಗುವ ಕಿಂಡಿಯ ಅಗಲ ದೊರೆಯುತ್ತದೆ. 200 ಮಿ.ಮೀ. ಎಫ್ 2.8 ಮಸೂರದ ಕಿಂಡಿ 71 ಮಿ.ಮೀ.; 85 ಮಿ.ಮೀ. ಎಫ್ 1.8ರದು 47, 135 ಮಿ.ಮೀ. ಎಫ್ 2ರದು 67.5, 300 ಮಿ.ಮೀ. ಎಫ್ 4ರದು 75. ಅಗ್ಗದ 70-300 ಝೂಮ್ ಮಸೂರವನ್ನು ತುದಿಗೆ ಎಳೆದರೆ ಎಫ್ 5.6ರಲ್ಲಿ 54. ಕಿಸೆಯ ದೂರವಾಣಿಯ ಕ್ಯಾಮೆರಾಕ್ಕೆ ಕೆಲವೇ ಮಿ.ಮೀ. ಅದಕ್ಕೇ ಅದು ಮಸಕನ್ನು ನಿಜವಾಗಿ ಹಿಡಿಯಲಾರದೆ ಗಣಿತದಿಂದ ಬರೆದು ತುಂಬಿಸುತ್ತದೆ, ಮತ್ತು ಕೂದಲಿನ ಎಳೆ, ಕಿರೀಟದ ಅಂಚು ಮೊದಲಾದ ಸೂಕ್ಷ್ಮ ಸ್ಥಳಗಳಲ್ಲಿ ಮುಗ್ಗರಿಸುತ್ತದೆ.

ಹಿನ್ನೆಲೆಯಲ್ಲಿ ಒಂದು ದೀಪ ಉರಿಯುತ್ತಿದೆ ಎನ್ನಿ. ಅದರಿಂದ ಹೊರಟು ನಮ್ಮ ಕಿಂಡಿಯನ್ನು ತುಂಬುವ ಬೆಳಕು ಶಂಕುವಿನ ಆಕಾರದಲ್ಲಿದೆ: ತುದಿ ದೀಪದಲ್ಲಿ, ಬುಡ ಕಿಂಡಿಯಲ್ಲಿ. ನಡುವೆ, ನಾವು ಸ್ಪಷ್ಟವಾಗಿ ಹಿಡಿಯಬೇಕೆಂದಿರುವ ವ್ಯಕ್ತಿ ನಿಂತಿದ್ದಾನೆ. ಅವನು ನಿಂತ ಜಾಗದಲ್ಲಿ ಈ ಶಂಕುವನ್ನು ಅಡ್ಡಲಾಗಿ ಕತ್ತರಿಸಿದರೆ ಒಂದು ವೃತ್ತ ಬರುತ್ತದಷ್ಟೆ. ಪಟದಲ್ಲಿ ಆ ದೀಪ ಅದೇ ವೃತ್ತದಷ್ಟು ದೊಡ್ಡ ಬಿಲ್ಲೆಯಾಗಿ, ವ್ಯಕ್ತಿಯ ಪಕ್ಕದಲ್ಲಿ ಇಟ್ಟಂತೆ ಕಾಣಿಸುತ್ತದೆ. ಕಿಂಡಿಯ ಅಗಲವನ್ನು ವ್ಯಕ್ತಿಗೂ ಹಿನ್ನೆಲೆಗೂ ನಡುವಣ ದೂರದಿಂದ ಗುಣಿಸಿ, ಕ್ಯಾಮೆರಾಕ್ಕೂ ಹಿನ್ನೆಲೆಗೂ ನಡುವಣ ಒಟ್ಟು ದೂರದಿಂದ ಭಾಗಿಸಿದರೆ ಬಿಲ್ಲೆಯ ಅಗಲ ಬಂದೇ ಬಂತು. ದೀಪ ಅತಿ ದೂರದಲ್ಲಿದ್ದರೆ ಶಂಕು ಹೆಚ್ಚು ಕಡಿಮೆ ನೇರ ಕೊಳವೆಯೇ ಆಗಿ, ಬಿಲ್ಲೆಯ ಅಗಲ ಕಿಂಡಿಯ ಅಗಲಕ್ಕೆ ಸಮನಾಗುತ್ತದೆ. ಮಸೂರವನ್ನು ಕೈಯಲ್ಲಿ ಹಿಡಿದು ಅದರ ಕಿಂಡಿಯನ್ನು ಕಂಡವನು, ದೂರದ ದೀಪ ಕಲಾವಿದನ ಕೆನ್ನೆಯ ಪಕ್ಕದಲ್ಲಿ ಎಷ್ಟು ದೊಡ್ಡದಾಗಿ ಮೂಡೀತು ಎಂಬುದನ್ನು ಪಟ ತೆಗೆಯುವ ಮೊದಲೇ ಹೇಳಬಹುದು! ಈ ಸರಳ ಸಂಗತಿಯನ್ನು ಮಸೂರ ಮಾರುವವರಾರೂ ಹೇಳುವುದಿಲ್ಲ.

ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ದಸರಾ ಮೆರವಣಿಗೆಯ ರಾತ್ರಿ ಇದನ್ನು ಪರೀಕ್ಷಿಸಲು ಬಹಳ ತಕ್ಕ ಸಮಯ. ದೇವಾಲಯವು 1912ರದು, 1991ರಲ್ಲಿ ನವೀಕರಣವಾದ ಮೇಲೆ ಇಲ್ಲಿಯ ದಸರಾ ದೊಡ್ಡದಾಗಿ ಬೆಳೆಯಿತು. ಆ ದಿನ ಬೀದಿಯುದ್ದಕ್ಕೂ ವಿದ್ಯುದ್ದೀಪಗಳ ತೋರಣ. ಹುಲಿವೇಷದವನನ್ನು ಮೊಣಕಾಲಿನಿಂದ ಮೇಲೆ ಚೌಕಟ್ಟಿಗೆ ತರಲು 200ರ ಮಸೂರವಾದರೆ 10 ಮೀಟರ್ ದೂರ ನಿಲ್ಲಬೇಕು. 85ರದಾದರೆ ನಾಲ್ಕೂಕಾಲು ಮೀಟರ್ ಸಾಕು. ಬಹುದೂರದ ದೀಪಗಳು ಮೊದಲನೆಯದರಲ್ಲಿ 71 ಮಿ.ಮೀ.ಗೆ ಸಮೀಪವಾದ ಬಿಲ್ಲೆಗಳಾಗಿಯೂ ಎರಡನೆಯದರಲ್ಲಿ 47 ಮಿ.ಮೀ.ಗೆ ಸಮೀಪವಾದ ಬಿಲ್ಲೆಗಳಾಗಿಯೂ ಬರುತ್ತವೆ. ಉದ್ದ ಮಸೂರಕ್ಕೇ ಜಯ. ಆದರೆ ಹಿನ್ನೆಲೆ ಹತ್ತಿರವಿದ್ದರೆ? ವೇಷಧಾರಿಯ ಹಿಂದೆ ಒಂದೇ ಮೀಟರ್ ದೂರದಲ್ಲಿ ಗೋಡೆಯಿದೆ ಎನ್ನಿ. 200ರ ಮಸೂರದ ಮಸಕು ಆರೂವರೆ ಮಿ.ಮೀ. ಮಾತ್ರ, 85ರದು 9 ಮಿ.ಮೀ.! ಸಣ್ಣ ಮಸೂರವೇ ಹೆಚ್ಚು ಮಸಕು ಕೊಟ್ಟಿತು. ಹಿನ್ನೆಲೆ 7 ಮೀಟರಿನಷ್ಟು ಹಿಂದಿರುವಾಗ ಎರಡೂ ಸಮ. ಅದಕ್ಕಿಂತ ಆಚೆಗೆ ಉದ್ದ ಮಸೂರ ಮುಂದಾಗುತ್ತದೆ. "ಹೆಚ್ಚು ಮಸಕು ಬೇಕಾದರೆ ಉದ್ದ ಮಸೂರ" ಎಂಬ ಮಾತನ್ನು ಮಂತ್ರದಂತೆ ಜಪಿಸುವವರು ಈ 7 ಮೀಟರನ್ನು ನೆನಪಿಡುವುದು ಒಳ್ಳೆಯದು. ಲಕ್ಷ ರೂಪಾಯಿ ಮೀರುವ ಮಸೂರಕ್ಕೆ ಸಾಲ ಮಾಡಹೊರಟವನಿಗಂತೂ ಇದು ಅವಶ್ಯ.

ಇನ್ನು ಮಸಕಿನ ಗುಣದ ವಿಚಾರ. ಎರಡು ಮಸೂರಗಳ ಬಿಲ್ಲೆಗಳು ಒಂದೇ ಅಗಲವಿದ್ದರೂ ಒಂದು ಬೆಣ್ಣೆಯಂತೆ ಕರಗಿದ್ದರೆ ಇನ್ನೊಂದು ಕಣ್ಣಿಗೆ ಚುಚ್ಚುತ್ತದೆ. ಕಾರಣ ಗಾಜಿನ ತಿದ್ದುಪಡಿಯಲ್ಲಿದೆ. ಗೋಲಾಕಾರವಾಗಿ ಅರೆದ ಗಾಜಿನ ಅಂಚಿನಿಂದ ಹಾದ ಕಿರಣಗಳೂ ನಡುವಿನಿಂದ ಹಾದ ಕಿರಣಗಳೂ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಈ ದೋಷವನ್ನು ತಯಾರಕರು ಬೇರೆ ಗಾಜುಗಳಿಂದ ತಿದ್ದುತ್ತಾರೆ. ತಿದ್ದಿದ್ದು ಅತಿಯಾದರೆ ಹಿನ್ನೆಲೆಯ ಬಿಲ್ಲೆಗೆ ಅಂಚಿನಲ್ಲಿ ಹೊಳೆಯುವ ಬಳೆ ಕಟ್ಟುತ್ತದೆ. ಕೊಂಚ ಕಡಿಮೆಯಾಗಿ ಉಳಿದರೆ ಬಿಲ್ಲೆಯ ಅಂಚು ಮೆತ್ತಗಾಗುತ್ತದೆ. ಬಳೆ ಕಟ್ಟಿದ ಬಿಲ್ಲೆಗಳು ಒಂದರ ಮೇಲೊಂದು ಬಿದ್ದಾಗ ಹಿನ್ನೆಲೆಯ ಒಂದು ಗೆರೆ ಎರಡು ಗೆರೆಗಳಾಗಿ ಒಡೆದು ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಈ ದೋಷ ಹೊರಬೀಳುವಷ್ಟು ಬೇರೆಲ್ಲಿಯೂ ಬೀಳಲಾರದೆಂದು ನನ್ನ ಎಣಿಕೆ, ಏಕೆಂದರೆ ನಮ್ಮ ಅಂಗಳದ ಪಟಗಳಲ್ಲೆಲ್ಲ ಹಿಂದೆ ತೆಂಗಿನ ಗರಿ, ಅದರ ಹಿಂದೆ ಬೆಳ್ಳನೆಯ ಆಕಾಶ. ಗರಿಯ ಒಂದೊಂದು ಕಡ್ಡಿಯೂ ಎರಡಾಗಿ, ವಧೂವರರ ತಲೆಯ ಮೇಲೆ ಪೊರಕೆಗಳನ್ನು ಹರಡಿದಂತಾಗುತ್ತದೆ. ಅಡಿಕೆ ತೋಟದ ನೆರಳಿನ ಕಡೆಗೆ ಅವರನ್ನು ಸರಿಸಿ ನಿಲ್ಲಿಸಿದರೆ ಅದೇ ಮಸೂರ ಸಾಧುವಾಗಿಬಿಡುತ್ತದೆ.

ಮಸಕು ವ್ಯಕ್ತಿಯ ಹಿಂದೆ ಮೆತ್ತಗಿದ್ದರೆ ಮುಂದೆ ಗಡುಸಾಗಿರುತ್ತದೆ, ಹಿಂದೆ ಗಡುಸಾದರೆ ಮುಂದೆ ಮೆದು. ಇದೂ ಅದೇ ದೋಷದ ಇನ್ನೊಂದು ಮುಖ. ಕಂಬಳದ ಪಟಗಳನ್ನು ಹಿಡಿದು ನೋಡಿದರೆ ಇದು ಸ್ಪಷ್ಟವಾಗುವುದು. ಗಂತಿನಿಂದ ಹೊರಟ ಕೋಣಗಳು ಮಂಜೊಟ್ಟಿಯ ಕಡೆಗೆ ಬರುವಾಗ ಕೆಸರು ನೀರು ಮುಂದೆಯೂ ಹಿಂದೆಯೂ ಸಿಡಿಯುತ್ತದೆ. ಹಿಂದಿನ ಹನಿಗಳು ಮೋಡದಂತೆ ಕರಗಿರುವ ಪಟದಲ್ಲಿಯೇ ಮುಂದಿನ ಹನಿಗಳು ಉಂಗುರ ಉಂಗುರವಾಗಿ ಬಿದ್ದಿರುವುದನ್ನು ಕಾಣಬಹುದು. ನಿಕಾನ್ ಕಂಪನಿ 1990ರಲ್ಲಿ ಹೊರತಂದ 135 ಮಿ.ಮೀ. ಎಫ್ 2 'ಡಿ.ಸಿ.' ಮಸೂರದಲ್ಲಿ ಒಂದು ಬಳೆ ತಿರುಗಿಸಿ, ಮೆತ್ತನೆಯ ಮಸಕು ಮುಂದೆ ಬೇಕೋ ಹಿಂದೆ ಬೇಕೋ ಎಂದು ಛಾಯಾಗ್ರಾಹಕನೇ ತೀರ್ಮಾನಿಸುವ ವ್ಯವಸ್ಥೆಯಿತ್ತು. ಮಿನೋಲ್ಟಾದವರು 1999ರ 135 ಮಿ.ಮೀ. 'ಎಸ್.ಟಿ.ಎಫ್.' ಮಸೂರದಲ್ಲಿ ಬೇರೆ ದಾರಿ ಹಿಡಿದರು: ನಡುವೆ ತಿಳಿಯಾಗಿದ್ದು ಅಂಚಿಗೆ ಕಪ್ಪಾಗುತ್ತ ಹೋಗುವ ಗಾಜೊಂದನ್ನು ಒಳಗಿಟ್ಟರು. ಬಿಲ್ಲೆಯ ಅಂಚು ಇದರಿಂದ ಕಾಣದಂತೆ ಅಳಿಸಿಹೋಗುತ್ತದೆ. ಆದರೆ ಬೆಳಕು ನಷ್ಟವಾಗುವುದರಿಂದ ಕಿಂಡಿ ಎಫ್ 2.8 ಆದರೂ ಬೆಳಕಿನ ಲೆಕ್ಕದಲ್ಲಿ ಅದು 4.5 ಮಾತ್ರ. ಅಂದವೂ ಬಿಟ್ಟಿ ಸಿಗುವುದಿಲ್ಲವೆನ್ನಿ.

ಬಿಲ್ಲೆಯ ಆಕಾರವನ್ನು ಕಿಂಡಿಯ ತಗಡಿನ ಎಲೆಗಳು ನಿರ್ಧರಿಸುತ್ತವೆ. ಎಲೆಗಳು ಕಡಿಮೆಯಿದ್ದು ನೇರವಾಗಿದ್ದರೆ, ಕಿಂಡಿಯನ್ನು ಕಿರಿದು ಮಾಡಿದೊಡನೆ ದೀಪಗಳು ಐದಾರು ಮೂಲೆಯ ಬಿಲ್ಲೆಗಳಾಗುತ್ತವೆ. ಸೋವಿಯತ್ ರಷ್ಯದ ಹಳೆಯ 85 ಮಿ.ಮೀ. 'ಜೂಪಿಟರ್-9'ರಲ್ಲಿ 15 ಎಲೆಗಳು. ಕಿಂಡಿ ಎಷ್ಟು ಕಿರಿದಾದರೂ ಬಿಲ್ಲೆ ಚಂದ್ರನಂತೆ ದುಂಡಗೆ. ಚೌಕಟ್ಟಿನ ಮೂಲೆಗಳಲ್ಲಿ ಮಾತ್ರ ಯಾವ ಮಸೂರದಲ್ಲಿಯೂ ಬಿಲ್ಲೆಗಳು ಬಾದಾಮಿಯಂತಾಗುವುದು ಸಾಮಾನ್ಯ, ಓರೆಯಾಗಿ ಬಂದ ಬೆಳಕನ್ನು ಕೊಳವೆಯ ಅಂಚು ತಡೆಯುವುದರಿಂದ. ಅಚ್ಚೊತ್ತಿ ಮಾಡಿದ ವಿಶೇಷ ಗಾಜುಗಳಿರುವ ಹೊಸ ಮಸೂರಗಳಲ್ಲಿ ಬಿಲ್ಲೆಯೊಳಗೆ ನೀರುಳ್ಳಿಯ ಹೋಳಿನಂತೆ ಉಂಗುರದೊಳಗೆ ಉಂಗುರ ಕಾಣುವುದುಂಟು. ಎಲ್ಲಕ್ಕಿಂತ ವಿಚಿತ್ರವಾದುದು 500 ಮಿ.ಮೀ. ಎಫ್ 8ರ ಕನ್ನಡಿ ಮಸೂರ. ಗಾಜಿನ ಬದಲು ಕನ್ನಡಿಗಳಿಂದ ಬೆಳಕನ್ನು ಮಡಿಸುವುದರಿಂದ ಅದು ಹಗುರ, ಅಗ್ಗ, ಗಿಡ್ಡ. ಆದರೆ ನಡುವೆ ಸಣ್ಣ ಕನ್ನಡಿ ಬೆಳಕಿಗೆ ಅಡ್ಡ ಕುಳಿತಿರುವ ಕಾರಣ ಪ್ರತಿಯೊಂದು ಬಿಲ್ಲೆಗೂ ನಡುವೆ ತೂತು, ತೇಟು ಉದ್ದಿನ ವಡೆಯೇ! ಸಂಜೆಯ ತಣ್ಣೀರುಬಾವಿ ಕಡಲತೀರದಲ್ಲಿ ಇದರಿಂದ ಹಕ್ಕಿಯ ಪಟ ತೆಗೆದರೆ, ಹಿಂದೆ ಹೊಳೆಯುವ ಅಲೆಗಳೆಲ್ಲ ವಡೆಗಳಾಗಿ ತೇಲುತ್ತವೆ. ಕೆಲವರಿಗೆ ಇದು ಇಷ್ಟ. ನನಗೆ ಹಸಿವಾಗುತ್ತದೆ.

ಮಂಗಳೂರಿನ ಮಳೆಗಾಲವೂ ಮಸೂರದ ಸ್ವಭಾವವನ್ನು ಬದಲಿಸುತ್ತದೆ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಆಷಾಢದ ತೇವದಲ್ಲಿ ಒಳಗಾಜಿಗೆ ಬೂಷ್ಟು ಹಿಡಿದರೆ ಸ್ಪಷ್ಟವಾದ ಭಾಗದಲ್ಲಿ ಅದು ಕಾಣುವುದೇ ಇಲ್ಲ; ಮಸಕಿನ ಬಿಲ್ಲೆಯೊಳಗೆ ಮಾತ್ರ ಬೇರಿನಂತೆ ನೆರಳು ಬಿದ್ದು ಗುಟ್ಟು ರಟ್ಟಾಗುತ್ತದೆ. ಹಳೆಯ ಮಸೂರ ಕೊಳ್ಳುವವರು ದೂರದ ದೀಪವೊಂದನ್ನು ಮಸಕಾಗಿ ಹಿಡಿದು ನೋಡಿದರೆ ಒಳಗಿನ ಆರೋಗ್ಯ ತಿಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಯಕ್ಷಗಾನದ ರಂಗಸ್ಥಳಕ್ಕೆ ಬರುತ್ತೇನೆ. ಆಟದ ಪಟ ತೆಗೆಯುವವನಿಗೆ ಎದುರಾಗುವ ಸ್ಥಿತಿ ಇದು: ಮುಂದೆ ವೇಷಧಾರಿ, ಅವನ ಹಿಂದೆ ಸುಮಾರು 3 ಮೀಟರ್ ದೂರದಲ್ಲಿ ಭಾಗವತರು, ಮದ್ದಳೆಯವರು, ಚೆಂಡೆಯವರು. ಹಿಮ್ಮೇಳ ಎಂಬ ಹೆಸರೇ ಅವರ ಸ್ಥಾನವನ್ನು ಹೇಳುತ್ತದೆ. ಆದರೆ ಬಲ್ಲವರು ಭಾಗವತರನ್ನು 'ಮೊದಲನೆಯ ವೇಷ' ಎನ್ನುತ್ತಾರೆ. ಆಟವನ್ನು ನಡೆಸುವವರು ಅವರೇ. ಛಾಯಾಗ್ರಾಹಕನ ಲೆಕ್ಕದಲ್ಲಿಯೋ, ಅವರು ಬರೇ ಹಿನ್ನೆಲೆ.

ಹಿಂದಿನ ಲೆಕ್ಕವನ್ನೇ ಇಲ್ಲಿ ಹಾಕಿ ನೋಡಿ. ರಂಗಸ್ಥಳದ ಹತ್ತಿರ ನಾಲ್ಕೂಕಾಲು ಮೀಟರಿನಲ್ಲಿ 85 ಎಫ್ 1.8 ಹಿಡಿದು ನಿಂತರೆ ಹಿಮ್ಮೇಳದ ಮಸಕು ಹತ್ತೊಂಬತ್ತೂವರೆ ಮಿ.ಮೀ. ಮನುಷ್ಯನ ಕಣ್ಣಿನ ಅಗಲ ಸುಮಾರು 30 ಮಿ.ಮೀ.; ಅಷ್ಟು ಹಿಂದಿರುವ ಭಾಗವತರ ಕಣ್ಣು ವೇಷಧಾರಿಯ ಅಳತೆಗೆ ಹೋಲಿಸಿದರೆ ಹದಿನೇಳು-ಹದಿನೆಂಟು ಮಿ.ಮೀ.ನಷ್ಟಾಗಿ ಮೂಡುತ್ತದೆ. ಎಂದರೆ ಮಸಕು ಕಣ್ಣಿಗಿಂತ ದೊಡ್ಡದು, ಕಣ್ಣು ಇಲ್ಲವಾಯಿತು. 10 ಮೀಟರ್ ದೂರದಿಂದ 200 ಎಫ್ 2.8ರಲ್ಲಿ ತೆಗೆದರೆ ಅದೇ ಕಣ್ಣು 23 ಮಿ.ಮೀ.ನಷ್ಟು ದೊಡ್ಡದಾಗಿ ಮೂಡುತ್ತದೆ, ಮಸಕು ಹದಿನಾರೂವರೆ. ಉದ್ದ ಮಸೂರ ಹಿನ್ನೆಲೆಯನ್ನು ಮುಂದಕ್ಕೆ ಎಳೆಯುತ್ತದೆಂದು ಹೇಳುವುದು ಇದನ್ನೇ. ಆದರೂ ಮುಖದ ಗುರುತು ಹತ್ತುವುದಿಲ್ಲ. ಮುಂಡಾಸಿನ ಬಣ್ಣವಷ್ಟೇ ಉಳಿಯುತ್ತದೆ. ಇದೇ ಮಸೂರದ ಕಿಂಡಿಯನ್ನು ಎಫ್ 8ಕ್ಕೆ ಇಳಿಸಿದರೆ ಮಸಕು ಆರು ಮಿ.ಮೀ.ಗೂ ಕಡಿಮೆ. ಆಗ ಭಾಗವತರು ಕಣ್ಣು ತೆರೆದಿದ್ದಾರೋ ಮುಚ್ಚಿ ಹಾಡುತ್ತಿದ್ದಾರೋ ಎಂಬುದು ಕಾಣುತ್ತದೆ, ವೇಷಧಾರಿಯೂ ಅವರಿಂದ ಬೇರೆಯಾಗಿಯೇ ನಿಲ್ಲುತ್ತಾನೆ.

ನಮ್ಮ ಊರಿನ ಕಡೆಯ ಮದ್ದಳೆಗಾರರೊಬ್ಬರು ಎರಡು ವರ್ಷಗಳ ಹಿಂದೆ ತೀರಿಹೋದರು. ಉತ್ತರಕ್ರಿಯೆಯ ದಿನ ಹಾರ ಹಾಕಲು ಮದ್ದಳೆಯೊಂದಿಗಿನ ಪಟವೊಂದು ಬೇಕೆಂದು ಅವರ ಮಗಳು ನನ್ನ ಬಳಿ ಕೇಳಿದರು. ಅವರು ಬಾರಿಸಿದ ನಾಲ್ಕು ಹರಕೆಯ ಆಟಗಳ ಪಟಗಳು ನಾನು ಕೆಲಸ ಮಾಡುವಲ್ಲಿ ಇದ್ದವು. ಒಂದು ಇಡೀ ಸಂಜೆ ಕುಳಿತು ಮುನ್ನೂರಕ್ಕೂ ಹೆಚ್ಚು ಪಟಗಳನ್ನು ತೆರೆದು ನೋಡಿದೆ. ಅರುವತ್ತರಲ್ಲಿ ಅವರಿದ್ದರು. ಅರುವತ್ತರಲ್ಲಿಯೂ ಮಹಿಷಾಸುರನ ಕೊಂಬಿನ ಪಕ್ಕದಲ್ಲಿ, ದೇವಿಯ ಭುಜದ ಹಿಂದೆ, ಒಂದು ಬೆಳ್ಳನೆಯ ಅಂಗಿ, ಅದರ ಮೇಲೊಂದು ಕಂದು ಬಿಲ್ಲೆ. ಪಟಗಳೆಲ್ಲ ಒಂದಕ್ಕಿಂತ ಒಂದು ಸೊಗಸಾಗಿದ್ದವು, ಆಡಿಸಿದ ಮನೆಯವರು ಬಹಳ ಮೆಚ್ಚಿದ್ದರು, ಮಸಕಂತೂ ಬೆಣ್ಣೆಯಂತಿತ್ತು. ಕೊನೆಗೆ ಆ ಮನೆಯವರು ಆಧಾರ್ ಚೀಟಿಯ ಪಟವನ್ನೇ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿದರು.

ಮೂರನೆಯ ಪ್ರಶ್ನೆಯೆಂದು ಮೊದಲಲ್ಲಿ ಹೇಳಿದ್ದು ಇದನ್ನೇ: ಮಸಕಾಗಿಸುವುದು ಯಾರನ್ನು?

ಇದಕ್ಕೆ ಛಾಯಾಗ್ರಾಹಕರನ್ನು ಆಕ್ಷೇಪಿಸುವುದು ಸುಲಭ, ಆದರೆ ನ್ಯಾಯವಲ್ಲ. ರಾತ್ರಿಯ ಆಟದಲ್ಲಿ ಕಿಂಡಿ ಅಗಲಿಸುವುದು ಅಂದಕ್ಕಿಂತ ಹೆಚ್ಚಾಗಿ ಬೆಳಕಿನ ಅಭಾವಕ್ಕೆ. ಎಫ್ 2.8ರಿಂದ ಎಫ್ 8ಕ್ಕೆ ಇಳಿದರೆ ಒಳಬರುವ ಬೆಳಕು ಎಂಟನೆಯ ಒಂದು ಭಾಗವಾಗುತ್ತದೆ. ಧೀಂಗಿಣ ಹಾಕುವ ಪುಂಡುವೇಷವನ್ನು ಹಿಡಿಯಬೇಕಾದರೆ ಕ್ಯಾಮೆರಾದ ರೆಪ್ಪೆ ಸೆಕೆಂಡಿನ ಐನೂರನೆಯ ಒಂದು ಭಾಗದೊಳಗೆ ಮುಚ್ಚಿಕೊಳ್ಳಬೇಕು. ಅದನ್ನು ನಿಧಾನಿಸಿ ಬೆಳಕನ್ನು ತುಂಬಿಕೊಳ್ಳುವಂತಿಲ್ಲ. ಕಂಬಳದಲ್ಲಿ ಇನ್ನೂ ಕಷ್ಟ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರ ಓಟ 142.5 ಮೀಟರಿಗೆ 13.62 ಸೆಕೆಂಡ್ ಎಂದು ದಾಖಲಾಯಿತು. ಆ ವೇಗದಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿಯೇ ಓಟಗಾರ ಒಂದು ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಅಲ್ಲಿ ಕಿಂಡಿ ಕಿರಿದು ಮಾಡೆಂದು ಹೇಳುವುದು ಅನ್ನವಿಲ್ಲದವನಿಗೆ ಮೇಲೋಗರದ ಉಪದೇಶ. ಆದರೆ ಕಂಬಳದ ಹಿನ್ನೆಲೆ ಜನಸಂದಣಿ. ಆಟದ ಹಿನ್ನೆಲೆ ನಾಲ್ಕು ಜನ ಕಲಾವಿದರು. ಎರಡೂ ಒಂದೇ ಅಲ್ಲ.

ಮತ್ತು ಈಗ ಕಾಲ ಬದಲಾಗಿದೆ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಫಿಲ್ಮಿನಿಂದ ಪಟ ತೆಗೆದವರಿಗೆ ಇಲ್ಲದ ಅನುಕೂಲ ನಮಗುಂಟು. ಎಫ್ 2.8ರಲ್ಲಿ ಐ.ಎಸ್.ಓ. 1600 ಸಾಕಾಗುವ ರಂಗಸ್ಥಳದಲ್ಲಿ ಎಫ್ 8ಕ್ಕೆ 12800 ಬೇಕಾಗುತ್ತದೆ. ಈಚಿನ ಕ್ಯಾಮೆರಾಗಳಲ್ಲಿ ಅಷ್ಟಕ್ಕೇರಿಸಿದರೆ ಪಟದಲ್ಲಿ ರವೆ ಚೆಲ್ಲಿದಂತೆ ಕಾಳು ಕಾಳು ಕಾಣುವುದೇನೋ ನಿಜ. ಆದರೆ ಪಟ ಕೆಡುವುದಿಲ್ಲ. ಪದ್ಯದ ನಡುವೆ ವೇಷಧಾರಿ ನಿಂತು ಅರ್ಥ ಹೇಳುವ ಹೊತ್ತಿಗೆ ರೆಪ್ಪೆಯನ್ನೂ ನಿಧಾನಿಸಬಹುದು, ಆಗ ಐ.ಎಸ್.ಓ. ಕೂಡ ಇಳಿಯುತ್ತದೆ. ಇದಾವುದೂ ಆಗದಿದ್ದರೆ ಅತ್ಯಂತ ಸುಲಭವಾದ ಉಪಾಯವೊಂದುಂಟು: ಕಿಂಡಿಯನ್ನು ಹಾಗೆಯೇ ಬಿಟ್ಟು, ಸ್ಪಷ್ಟತೆಯನ್ನು ವೇಷಧಾರಿಯಿಂದ ತೆಗೆದು ಹಿಂದಿನ ಮದ್ದಳೆಗೆ ಕೊಡುವುದು. ಆಗ ಮಹಿಷಾಸುರನೇ ಕೆಂಪು ಮಸಕಾಗಿ ಮುಂದೆ ಹಾದುಹೋಗುತ್ತಾನೆ. ಅಂಥ ಪಟ ನೋಡಿದವರು ಮೊದಲು ತಬ್ಬಿಬ್ಬಾಗುತ್ತಾರೆ, ಆಮೇಲೆ ಮದ್ದಳೆಯ ಮೇಲಿನ ಬೆರಳುಗಳನ್ನು ನೋಡುತ್ತಾರೆ.

ಪಟಗಳನ್ನು ಕಪ್ಪು ಬಿಳುಪಿನಲ್ಲಿ ಅಚ್ಚು ಮಾಡುವ ಪತ್ರಿಕೆಗಳಿಗೆ ಒಂದು ಮಾತು ಸಲ್ಲುತ್ತದೆ. ಬಣ್ಣದ ಪಟದಲ್ಲಿ ವೇಷದ ಕೆಂಪು, ಹಸಿರು, ಚಿನ್ನದ ಬಣ್ಣಗಳೇ ಅವನನ್ನು ಹಿಮ್ಮೇಳದಿಂದ ಬೇರ್ಪಡಿಸುತ್ತವೆ. ಮಸಕು ಸ್ವಲ್ಪವೇ ಇದ್ದರೂ ನಡೆಯುತ್ತದೆ. ಕಪ್ಪು ಬಿಳುಪಿನಲ್ಲಿ ಕೆಂಪೂ ಹಸಿರೂ ಒಂದೇ ಬೂದುಬಣ್ಣಕ್ಕೆ ಇಳಿದು, ಎಫ್ 8ರ ಪಟದಲ್ಲಿ ಕಿರೀಟವೂ ಹಿಂದಿನ ಪರದೆಯೂ ಕಲಸಿಹೋಗಬಹುದು. ಅಲ್ಲಿಗೆ ಎಫ್ 5.6 ಹದ. 200ರ ಮಸೂರದಲ್ಲಿ ಅದು ಎಂಟು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಮಸಕು. ಮುಖ ಗುರುತಾಗುತ್ತದೆ, ಗಲಿಬಿಲಿಯೂ ಇಲ್ಲ. ಅಗ್ಗದ 70-300 ಝೂಮ್‌ಗಳಲ್ಲಿ ಆ ತುದಿಗೆ ದೊರೆಯುವ ಅತ್ಯಂತ ಅಗಲವಾದ ಕಿಂಡಿ ಸಾಮಾನ್ಯವಾಗಿ ಇದೇ. ದುಬಾರಿ ಮಸೂರ ಇಲ್ಲವೆಂದು ಕೊರಗುವ ಮಿತ್ರರು ಆಟಕ್ಕೆ ಧೈರ್ಯವಾಗಿ ಬರಬಹುದು.

ನಾನು ಕೆಲಸ ಮಾಡುವ ಛಾಯಾಗ್ರಾಹಕರಿಗೆ ಈ ಲೆಕ್ಕವನ್ನೆಲ್ಲ ಕಾಗದದಲ್ಲಿ ಬರೆದು ತೋರಿಸಿದೆ. ಅವರು ಲೆಕ್ಕವನ್ನು ನೋಡಲಿಲ್ಲ, ಮದ್ದಳೆಗಾರರ ಸಂಗತಿಯನ್ನು ಮಾತ್ರ ಕೇಳಿಕೊಂಡರು. ಈ ವರ್ಷ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವ ಮೊದಲು, ನಾವು ಹೋಗುವ ಪ್ರತಿಯೊಂದು ಆಟದಲ್ಲಿ, ಚೌಕಿಪೂಜೆ ಮುಗಿದೊಡನೆ ಹಿಮ್ಮೇಳದವರ ಒಬ್ಬೊಬ್ಬರ ಪಟವನ್ನೂ ಅವರವರ ವಾದ್ಯದೊಂದಿಗೆ ತೆಗೆಯುವುದೆಂದು ನಿಶ್ಚಯವಾಗಿದೆ. ಅದಕ್ಕೆ 85ರ ಮಸೂರ, ಕಿಂಡಿ ಎಫ್ 4. ಹಿಂದೆ ಬಣ್ಣ ಹಚ್ಚಿಕೊಳ್ಳುತ್ತಿರುವ ವೇಷಧಾರಿಗಳು ಮಸಕಾಗಿರುತ್ತಾರೆ.